ಯಾವ ಚಾರ್ಜು, ಸ್ವಾಮಿ?

ಯಾವುದಾದರೂ ಒಂದು ದಿನದ ಪತ್ರಿಕೆ ತೆಗೆದು ಕೂರಿ. ಮೊದಲ ಪುಟದಲ್ಲಿ ಯಾರದೋ ಮೇಲೆ ಚಾರ್ಜ್‌ಶೀಟ್. ಮಗ್ಗುಲಲ್ಲೇ ಯಾವುದೋ ಊರಿನ ಲಾಠಿ ಚಾರ್ಜ್. ಜಿಲ್ಲಾ ಪುಟದಲ್ಲಿ ಹೊಸ ಅಧಿಕಾರಿ ಚಾರ್ಜ್ ತಗೊಂಡ ಫೋಟೊ, ಕೈಯಲ್ಲಿ ಹೂಗುಚ್ಛ. ಒಳಗೆ ಹೋದರೆ ಬಸ್ ಚಾರ್ಜ್, ಕರೆಂಟ್ ಚಾರ್ಜ್, ಬ್ಯಾಂಕ್ ಚಾರ್ಜ್. ಹಿಂದಿನ ಪುಟದ ಜಾಹೀರಾತಿನಲ್ಲಿ ಒಮ್ಮೆ ಚಾರ್ಜ್ ಮಾಡಿದರೆ ಇಷ್ಟು ಕಿಲೋಮೀಟರ್ ಓಡುತ್ತದೆ ಎನ್ನುವ ಸ್ಕೂಟರ್. ಇಷ್ಟನ್ನೂ ನೀವು ಫೋನಿನಲ್ಲೇ ಓದುತ್ತಿದ್ದರೆ, ಆ ಪುಟಕ್ಕೆ ಬರುವಷ್ಟರಲ್ಲಿ ಫೋನಿನ ಚಾರ್ಜ್ ಖಾಲಿ.

ಹೊಡೆತಕ್ಕೂ ಹಣಕ್ಕೂ ಅಪರಾಧಕ್ಕೂ ಅಧಿಕಾರಕ್ಕೂ ವಿದ್ಯುತ್ತಿಗೂ ಒಂದೇ ಪದ. ಕನ್ನಡದಲ್ಲಿ ಇವಕ್ಕೆಲ್ಲ ಬೇರೆ ಬೇರೆ ಪದಗಳಿವೆ: ದರ, ಶುಲ್ಕ, ಬಾಡಿಗೆ, ಕೂಲಿ, ದಂಡ, ಆರೋಪ, ಪ್ರಹಾರ, ಪ್ರಭಾರ, ಉಸ್ತುವಾರಿ. ಆದರೂ ಅಂಗಡಿಯಲ್ಲಿ, ಕಚೇರಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಬಾಯಿಗೆ ಬರುವುದು ಚಾರ್ಜೇ. ಕೊನೆಗೊಂದು ಉಕಾರ ಅಂಟಿಸಿ, ಚಾರ್ಜಿಗೆ, ಚಾರ್ಜಲ್ಲಿ, ಚಾರ್ಜಾಯ್ತು ಎಂದು ಪ್ರತ್ಯಯ ಹಚ್ಚಿ ಅದನ್ನು ಮನೆಯಾಳನ್ನಾಗಿ ಮಾಡಿಕೊಂಡಿದ್ದೇವೆ. ಇಂಗ್ಲಿಷಿನವರು ಬಸ್ಸಿನ ಟಿಕೆಟ್ ದುಡ್ಡಿಗೆ 'ಫೇರ್' ಎನ್ನುತ್ತಾರೆ. 'ಬಸ್ ಚಾರ್ಜಿಗೆ ದುಡ್ಡು ಕೊಡಪ್ಪಾ' ಎನ್ನುವುದು ನಮ್ಮದೇ ಟಂಕಸಾಲೆಯ ಸರಕು.

ಇಂಗ್ಲಿಷ್ ಪದ ಬಳಸುತ್ತೇವೆ ಎಂಬುದು ನನ್ನ ತಕರಾರಲ್ಲ. ಬಸ್ಸು, ಟಿಕೆಟ್ಟು, ಸ್ಟೇಷನ್ನು ಬಿಟ್ಟು ಅಚ್ಚಗನ್ನಡ ಆಡುತ್ತೇವೆ ಎನ್ನುವವರು ಆಡಲಿ, ನಾನು ಕೇಳಿಸಿಕೊಳ್ಳುತ್ತೇನೆ. ಈ ಒಂದು ಪದದ ಕಂಬಳಿ ಹೊದ್ದು ಯಾರು ಯಾರು ಏನೇನು ಬಚ್ಚಿಟ್ಟುಕೊಂಡಿದ್ದಾರೆ ಎಂಬುದು ನನ್ನ ತಕರಾರು.

ಮೊದಲು ಪದದ ಜಾತಕ ನೋಡೋಣ. ಲ್ಯಾಟಿನ್ ಭಾಷೆಯಲ್ಲಿ 'ಕಾರ್ರುಸ್' ಎಂದರೆ ನಾಲ್ಕು ಚಕ್ರದ ಬಂಡಿ. ಅದು ರೋಮನ್ನರ ಸ್ವಂತ ಪದವೂ ಅಲ್ಲ. ಈಗಿನ ಫ್ರಾನ್ಸಿನ ನೆಲದಲ್ಲಿದ್ದ ಕೆಲ್ಟ್ ಜನರಿಂದ ಎರವಲು ಪಡೆದದ್ದು. ಬಂಡಿಗೆ ಸರಕು ಹೇರುವುದಕ್ಕೆ ಮುಂದೆ 'ಕಾರ್ರಿಕಾರೆ' ಎಂಬ ಕ್ರಿಯಾಪದ ಹುಟ್ಟಿತು. ಹಳೆಯ ಫ್ರೆಂಚಿನ ಬಾಯಲ್ಲಿ ಸವೆದು 13ನೇ ಶತಮಾನದಲ್ಲಿ ಇಂಗ್ಲೆಂಡಿಗೆ ಬರುವ ಹೊತ್ತಿಗೆ ಅದು ಚಾರ್ಜ್ ಆಗಿತ್ತು. ಕಾರು, ಕ್ಯಾರಿ, ಕಾರ್ಗೊ ಎಲ್ಲ ಇದರ ದಾಯಾದಿಗಳು. ವ್ಯಂಗ್ಯಚಿತ್ರಕಾರರ ಕ್ಯಾರಿಕೇಚರ್ ಕೂಡ ಇದೇ ವಂಶ, ಇಟಲಿಯ ಕಡೆಯಿಂದ ಬಂದದ್ದು: ಮೂಗಿನ ಮೇಲೆ ಮೂಗು ಹೇರಿದ ಚಿತ್ರ.

ಅಂದರೆ ಚಾರ್ಜ್ ಎಂದರೆ ಮೂಲದಲ್ಲಿ ಹೇರು. ಇಷ್ಟು ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಫಿರಂಗಿಗೆ ಮದ್ದು ಹೇರಿದರೆ ಚಾರ್ಜ್. ಕಬ್ಬಿಣದ ಕುಲುಮೆಗೆ ಅದಿರು, ಕೋಕ್ ಸುರಿದರೆ ಚಾರ್ಜ್. ಮನುಷ್ಯನ ಮೇಲೆ ಅಪರಾಧ ಹೇರಿದರೆ, ಗಿರಾಕಿಯ ಮೇಲೆ ಖರ್ಚು ಹೇರಿದರೆ, ಅಧಿಕಾರಿಯ ಮೇಲೆ ಇಲಾಖೆ ಹೇರಿದರೆ ಅವೂ ಚಾರ್ಜೇ. ಕನ್ನಡದ ಮನಸ್ಸೂ ಇದೇ ದಾರಿಯಲ್ಲಿ ನಡೆದಿದೆ. ನಾವು ತೆರಿಗೆಯನ್ನು ಹೇರುತ್ತೇವೆ, ಆರೋಪವನ್ನು ಹೊರಿಸುತ್ತೇವೆ, ಹೊಣೆಯನ್ನು ಹೊರುತ್ತೇವೆ. ಸರ್ಕಾರಿ ಕನ್ನಡದ 'ಪ್ರಭಾರ'ದ ಹೊಟ್ಟೆಯಲ್ಲೇ ಭಾರ ಇದೆ. ಇಂಗ್ಲಿಷಿನವರು ಒಂದೇ ಮೂಟೆ ಕಟ್ಟಿದರು, ನಾವು ಬೇರೆ ಬೇರೆ ಮೂಟೆ ಕಟ್ಟಿ ಒಂದೊಂದಕ್ಕೂ ಹೆಸರು ಬರೆದೆವು. ನಾಗರಿಕನಿಗೆ ಹೆಸರು ಬರೆದ ಮೂಟೆಯೇ ವಾಸಿ, ಯಾಕೆಂದರೆ ಹೊರುವವನು ಅವನು.

ಫೋನಿನ ಚಾರ್ಜಿನದು ಸ್ವಾರಸ್ಯದ ಕಥೆ. 1740ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಲೇಡನ್ ಜಾಡಿಗಳೆಂಬ ಗಾಜಿನ ಪಾತ್ರೆಗಳಲ್ಲಿ ವಿದ್ಯುತ್ ಕೂಡಿಡುವ ಪ್ರಯೋಗಕ್ಕೆ ಇಳಿದಿದ್ದ. ಜಾಡಿಗಳನ್ನು ಸಾಲಾಗಿ ಜೋಡಿಸಿದ್ದಕ್ಕೆ ಅವನಿಟ್ಟ ಹೆಸರು ಬ್ಯಾಟರಿ. ಅದು ಸೈನ್ಯದ ಮಾತು, ಫಿರಂಗಿ ಸಾಲಿನ ಹೆಸರು. ಫಿರಂಗಿಗೆ ಮದ್ದು ತುಂಬಿದಂತೆ ಜಾಡಿಗೆ ವಿದ್ಯುತ್ ತುಂಬುವುದು ಚಾರ್ಜ್. ಪ್ಲಸ್, ಮೈನಸ್ ಎಂದು ಚಿಹ್ನೆ ಕೊಟ್ಟವನೂ ಅವನೇ, ಅದೂ ಅಂದಾಜಿನ ಮೇಲೆ. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಪತ್ತೆ ಮಾಡಿದಾಗ ಅದು ಮೈನಸ್ ಕಡೆಗೆ ಬಿದ್ದಿತ್ತು. ಅಂದಾಜು ತಿರುವುಮುರುವಾದರೂ ತಿದ್ದುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಹೀಗಾಗಿ ನಮ್ಮ ಹೈಸ್ಕೂಲು ಮಕ್ಕಳು ಇಂದಿಗೂ ಕರೆಂಟ್ ಹರಿಯುವ ದಿಕ್ಕು ಒಂದು, ಎಲೆಕ್ಟ್ರಾನ್ ಹರಿಯುವ ದಿಕ್ಕು ಇನ್ನೊಂದು ಎಂದು ಬಾಯಿಪಾಠ ಮಾಡುತ್ತಾರೆ. ಕನ್ನಡ ಪಠ್ಯಪುಸ್ತಕ ಈ ಚಾರ್ಜಿಗೆ ವಿದ್ಯುದಾವೇಶ ಎನ್ನುತ್ತದೆ. ಆವೇಶ! ಮೈಮೇಲೆ ದೇವರು ಬಂದವರಿಗೆ ನಾವು ಆಡುವ ಮಾತು. ಎಲೆಕ್ಟ್ರಾನಿನದಂತೂ ಋಣಾವೇಶ, ಮೈತುಂಬ ಸಾಲ ಮಾಡಿಕೊಂಡು ಕುಣಿಯುವ ಗೃಹಸ್ಥನ ಚಿತ್ರ ಕಣ್ಣಿಗೆ ಬಂದರೆ ತಪ್ಪು ನಿಮ್ಮದಲ್ಲ.

ಸೈನ್ಯದ ಚಾರ್ಜಿಗೆ ಬಂದರೆ, ಇತಿಹಾಸದ ಅತಿ ಪ್ರಸಿದ್ಧ ಚಾರ್ಜ್ ಒಂದು ಅಪಾರ್ಥದ ಫಲ. 1854ರ ಅಕ್ಟೋಬರ್ 25ರಂದು ಕ್ರಿಮಿಯಾದ ಬಾಲಕ್ಲಾವಾದಲ್ಲಿ ಬ್ರಿಟಿಷರ ಲಘು ಅಶ್ವದಳಕ್ಕೆ ಆದೇಶವೊಂದು ಬಂತು. ಶತ್ರು ಸಾಗಿಸುತ್ತಿರುವ ಫಿರಂಗಿಗಳನ್ನು ತಡೆಯಬೇಕು ಎಂಬುದು ಸಾರಾಂಶ. ಯಾವ ಫಿರಂಗಿಗಳು ಎಂಬುದು ಮೇಲೆ ಗುಡ್ಡದಲ್ಲಿ ನಿಂತ ದಳಪತಿಗೆ ಕಾಣುತ್ತಿತ್ತು, ಕೆಳಗೆ ಕಣಿವೆಯಲ್ಲಿದ್ದವರಿಗೆ ಕಾಣುತ್ತಿರಲಿಲ್ಲ. ಸುಮಾರು 670 ಸವಾರರು ಬೇರೆಯದೇ ಫಿರಂಗಿ ಸಾಲಿಗೆ ಎದೆಯೊಡ್ಡಿ ನುಗ್ಗಿದರು. ನೂರಕ್ಕೂ ಹೆಚ್ಚು ಜನ ಸತ್ತರು. ಕವಿ ಟೆನಿಸನ್ ಅದೇ ವರ್ಷ ಪದ್ಯ ಬರೆದು ಅವರನ್ನು ಅಮರರನ್ನಾಗಿ ಮಾಡಿದ. ಆದೇಶ ಬರೆದವರು, ಒಯ್ದವರು, ಪಾಲಿಸಿದವರು ಯಾರ ತಪ್ಪೆಂದು ಇತಿಹಾಸಕಾರರು ಇನ್ನೂ ಜಗಳವಾಡುತ್ತಿದ್ದಾರೆ. ಮೇಲಿನವರು ಅಸ್ಪಷ್ಟವಾಗಿ ಬರೆದರೆ ಕೆಳಗಿನವರು ಸಾಯುತ್ತಾರೆ ಎಂಬುದರಲ್ಲಿ ಮಾತ್ರ ಜಗಳವಿಲ್ಲ.

ನಮ್ಮಲ್ಲಿ ಈ ಚಾರ್ಜು ಕುದುರೆಯಿಂದ ಇಳಿದು ಲಾಠಿ ಹಿಡಿದಿದೆ. ಅಲ್ಲೂ 'ಲಘು' ತಪ್ಪಿಲ್ಲ. ಪತ್ರಿಕಾ ವರದಿಗಳಲ್ಲಿ ನಾನು ಹೆಚ್ಚಾಗಿ ಓದಿರುವುದು 'ಪೊಲೀಸರು ಲಘು ಲಾಠಿ ಪ್ರಹಾರ ನಡೆಸಿದರು' ಎಂದೇ. ಲಘು ಎಂದು ತೀರ್ಮಾನಿಸಿದವರು ಯಾರು? ಹೊಡೆದವರೋ, ಹೊಡೆಸಿಕೊಂಡವರೋ? ಬೆನ್ನ ಮೇಲೆ ಬಾಸುಂಡೆ ಎದ್ದವನನ್ನು ಕೇಳಿ ಯಾರೂ ಈ ವಿಶೇಷಣ ಬರೆದಂತೆ ಕಾಣುವುದಿಲ್ಲ. ಇನ್ನೊಂದು ಸಂಗತಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಮು ಗುಂಪು ಚದುರಿಸುವ ಬಗ್ಗೆ ಹೇಳುತ್ತದೆ. ಅಲ್ಲಿ ಲಾಠಿ ಚಾರ್ಜ್ ಎಂಬ ಮಾತೇ ಇಲ್ಲ, ಇರುವುದು ಬಲಪ್ರಯೋಗ. ಮೊದಲು ಚದುರಿರಿ ಎಂದು ಆಜ್ಞೆ ಮಾಡಬೇಕು, ಚದುರದಿದ್ದರೆ ಆಮೇಲೆ ಬಲ. ಆಜ್ಞೆ ಮಾಡುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಅಥವಾ ಠಾಣೆಯ 'ಇನ್‌ಚಾರ್ಜ್' ಅಧಿಕಾರಿಗೆ. ಚಾರ್ಜಲ್ಲಿರುವವರು ಹೇಳಿದ ಮೇಲೆ ಚಾರ್ಜು, ಪದಕ್ಕೆ ಪದ ಸರಿಹೋಯಿತು.

ಲಾಠಿ ತಿಂದವನ ಮೇಲೆ ಮುಂದೆ ಬೀಳುವುದು ಚಾರ್ಜ್‌ಶೀಟ್. ಈ ಪದದ ಬಗ್ಗೆ ಟಿವಿ ಚಾನೆಲ್ಲುಗಳು ಮಾಡಿರುವ ಅನಾಹುತಕ್ಕೆ ಲೆಕ್ಕವಿಲ್ಲ. ಚಾರ್ಜ್‌ಶೀಟ್ ಬಿತ್ತು ಎಂದ ಕೂಡಲೇ ಪರದೆಯ ಮೇಲೆ ಆರೋಪಿಗೆ ಶಿಕ್ಷೆಯೇ ಆಗಿಬಿಟ್ಟಿರುತ್ತದೆ. ಕಾನೂನಿನಲ್ಲಿ ಅದು ತನಿಖೆ ಮುಗಿಸಿದ ಪೊಲೀಸರು ಕೋರ್ಟಿಗೆ ಕೊಡುವ ವರದಿ, ಅಷ್ಟೆ. ಸಂಹಿತೆಯ 193ನೇ ಕಲಮಿನಲ್ಲಿ ಅದಕ್ಕಿರುವ ಹೆಸರೂ ವರದಿಯೇ. ಆರೋಪಿ ಕಸ್ಟಡಿಯಲ್ಲಿದ್ದರೆ 60 ದಿನಗಳಲ್ಲಿ, ಮರಣದಂಡನೆ, ಜೀವಾವಧಿ, ಹತ್ತು ವರ್ಷ ಅಥವಾ ಅದಕ್ಕೂ ಮೇಲ್ಪಟ್ಟ ಶಿಕ್ಷೆಯ ಅಪರಾಧವಾದರೆ 90 ದಿನಗಳಲ್ಲಿ ಅದನ್ನು ಕೊಡಬೇಕು. ಕೊಡದಿದ್ದರೆ ಜಾಮೀನು ಕೇಳುವುದು ಆರೋಪಿಯ ಹಕ್ಕು. ದೊಡ್ಡ ಕೇಸುಗಳಲ್ಲಿ ಕೊನೆಯ ದಿನ ಸಾವಿರಾರು ಪುಟಗಳ ಟ್ರಂಕು ಕೋರ್ಟಿನ ಮೆಟ್ಟಿಲು ಹತ್ತುವುದು ಇದೇ ಕಾರಣಕ್ಕೆ. ಸಾಕ್ಷ್ಯ ಇಲ್ಲ, ದೂರು ಸುಳ್ಳು ಎಂದು ಕಂಡರೆ ಪೊಲೀಸರು ಹಾಕುವುದು ಬಿ ರಿಪೋರ್ಟ್. ಕರ್ನಾಟಕದ ಹಳ್ಳಿಯ ಕಟ್ಟೆಯ ಮೇಲೆ ಕೂತವರಿಗೂ ಗೊತ್ತಿರುವ ಪದ ಅದು.

ನಿಜವಾದ ಚಾರ್ಜ್ ಹುಟ್ಟುವುದು ಇದಾದ ಮೇಲೆ. ಪೊಲೀಸರ ವರದಿ ಓದಿ, ಎರಡೂ ಕಡೆಯವರ ಮಾತು ಕೇಳಿ, ಮೇಲ್ನೋಟಕ್ಕೆ ಹುರುಳಿದೆ ಎನಿಸಿದರೆ ನ್ಯಾಯಾಧೀಶರು ದೋಷಾರೋಪ ಹೊರಿಸುತ್ತಾರೆ. ಪೊಲೀಸರದು ಶೀಟು, ಕೋರ್ಟಿನದು ಚಾರ್ಜು. ಈ ಹಂತದಲ್ಲಿ ಕಾನೂನು ಒಂದು ಚೆಂದದ ಶಿಸ್ತು ಇಟ್ಟಿದೆ. ಆರೋಪವನ್ನು ನ್ಯಾಯಾಲಯದ ಭಾಷೆಯಲ್ಲಿ ಬರೆಯಬೇಕು. ಯಾವ ಕಾನೂನು, ಯಾವ ಕಲಮು, ಎಲ್ಲಿ, ಯಾವಾಗ, ಯಾರ ವಿರುದ್ಧ ಎಂಬುದು ಅದರಲ್ಲಿ ಇರಬೇಕು. ಅದನ್ನು ಆರೋಪಿಗೆ ಓದಿ ಹೇಳಬೇಕು, ವಿವರಿಸಬೇಕು. ಆಮೇಲೆ ಒಪ್ಪುತ್ತೀಯೋ, ವಿಚಾರಣೆ ಬೇಕೋ ಎಂದು ಕೇಳಬೇಕು. ಅಂದರೆ ಕೊಲೆ ಮಾಡಿದ ಆರೋಪ ಹೊತ್ತವನಿಗೂ ತನ್ನ ಮೇಲೆ ಹೇರುತ್ತಿರುವುದು ಏನು ಎಂದು ವಿವರವಾಗಿ ಕೇಳಿಸಿಕೊಳ್ಳುವ ಹಕ್ಕಿದೆ. ಕರೆಂಟ್ ಬಿಲ್ ಕಟ್ಟುವವನಿಗೆ ಆ ಸೌಭಾಗ್ಯ ಇಲ್ಲ. ಮೀಟರ್ ರೀಡರ್ ಗೇಟಿಗೆ ಸಿಕ್ಕಿಸಿ ಹೋದ ಬಿಲ್ಲನ್ನು ಅವನಿಗೆ ಯಾರೂ ಓದಿ ಹೇಳುವುದಿಲ್ಲ. ಅವನೇ ಓದೋಣವೆಂದರೆ ಕನ್ನಡಕದ ಜೊತೆಗೆ ಭೂತಗಾಜೂ ಬೇಕು.

ಬಿಲ್ಲಿಗೆ ಬರುವ ಮುಂಚೆ ಕಚೇರಿಯ ಚಾರ್ಜನ್ನು ಮುಗಿಸಿಬಿಡುತ್ತೇನೆ. ಒಬ್ಬ ಅಧಿಕಾರಿ ವರ್ಗವಾಗಿ ಹೋಗುವಾಗ ಚಾರ್ಜ್ ಕೊಡುತ್ತಾರೆ, ಬಂದವರು ಚಾರ್ಜ್ ತಗೊಳ್ಳುತ್ತಾರೆ. ಅದಕ್ಕೊಂದು ಪ್ರಮಾಣಪತ್ರ ಉಂಟು, ಕಚೇರಿಯವರು ಅದನ್ನು ಸಿಟಿಸಿ ಎನ್ನುತ್ತಾರೆ. ಹೋದವರು ಕೊಡದೆ, ಬಂದವರು ಹಟ ಹಿಡಿದು, ಒಂದೇ ಕುರ್ಚಿಗೆ ಇಬ್ಬರು ಕೂತ ಪ್ರಸಂಗಗಳನ್ನು ನಾವು ಪತ್ರಿಕೆಯಲ್ಲಿ ಓದಿ ನಕ್ಕಿದ್ದೇವೆ. ನಗು ಬಾರದ ಸಂಗತಿ ಎಂದರೆ ಇನ್‌ಚಾರ್ಜ್. ನಾಮಫಲಕದಲ್ಲಿ ಹುದ್ದೆಯ ಪಕ್ಕ ಕಂಸದೊಳಗೆ 'ಪ್ರಭಾರ' ಎಂದು ಕೂತಿರುತ್ತದೆ. ಪ್ರಭಾರ ಮುಖ್ಯ ಶಿಕ್ಷಕ, ಪ್ರಭಾರ ಪ್ರಾಂಶುಪಾಲ, ಪ್ರಭಾರ ಕುಲಪತಿ. ಒಂದೇ ಪಿಡಿಒ ಎರಡು ಪಂಚಾಯಿತಿಗೆ. ಇಲ್ಲಿ ಕೇಳಿದರೆ 'ಸಾಹೇಬ್ರು ಅಲ್ಲಿದಾರೆ', ಅಲ್ಲಿ ಕೇಳಿದರೆ 'ಈಗಷ್ಟೇ ಆ ಕಡೆ ಹೋದ್ರು'. ಫೈಲು ಮುಂದಿಟ್ಟರೆ 'ನಾನು ಬರೀ ಇನ್‌ಚಾರ್ಜ್, ರೆಗ್ಯುಲರ್ ಬರ್ಲಿ'. ಪದದ ಮೂಲಾರ್ಥದಲ್ಲಿ ಹೊಣೆ ಹೊತ್ತವನು ಎಂದಿದ್ದ ಇನ್‌ಚಾರ್ಜ್, ನಮ್ಮ ಕಚೇರಿಗಳಲ್ಲಿ ಹೊಣೆ ತನ್ನದಲ್ಲ ಎನ್ನುವವನು ಎಂಬ ಅರ್ಥ ಪಡೆದಿದೆ. ಪದಗಳು ಹೀಗೂ ತಲೆಕೆಳಗಾಗುತ್ತವೆ. ಒಂದು ಮಾತು ನೆನಪಿಡಿ: ಕರ್ನಾಟಕದ ಸಕಾಲ ಕಾಯ್ದೆ ಸರ್ಕಾರಿ ಸೇವೆಗಳಿಗೆ ಗಡುವು ಕಟ್ಟಿರುವುದು ಹುದ್ದೆಗೆ, ಕುರ್ಚಿಯಲ್ಲಿ ಕೂತ ವ್ಯಕ್ತಿಗಲ್ಲ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಸಣ್ಣದು, ಆದರೆ ಅದು ಅಧಿಕಾರಿಯ ಜೇಬಿನಿಂದ ಹೋಗಬೇಕು ಎಂಬುದು ಸಣ್ಣ ಸಂಗತಿಯಲ್ಲ.

ದೇಶದೇಶಗಳ ನಡುವೆಯೂ ಈ ಆಟ ಇದೆ. ರಾಯಭಾರಿ ಇಲ್ಲದ ಕಡೆ ಕಚೇರಿ ನೋಡಿಕೊಳ್ಳುವವರನ್ನು ಫ್ರೆಂಚ್ ಮಾತಿನಲ್ಲಿ 'ಶಾರ್ಜೆ ದಫೇರ್' ಎನ್ನುತ್ತಾರೆ. ಕಾರ್ಯಭಾರ ಹೊತ್ತವರು ಎಂದರ್ಥ. 2019ರ ಆಗಸ್ಟಿನಿಂದ ದೆಹಲಿಯ ಪಾಕಿಸ್ತಾನ ಹೈಕಮಿಷನ್ನಿನಲ್ಲೂ ಇಸ್ಲಾಮಾಬಾದಿನ ನಮ್ಮ ಹೈಕಮಿಷನ್ನಿನಲ್ಲೂ ಹೈಕಮಿಷನರ್ ಇಲ್ಲ, ಇನ್‌ಚಾರ್ಜ್ ಇದ್ದಾರೆ. ಒಂದು ದೇಶಕ್ಕೆ ಮುನಿಸು ತೋರಿಸಬೇಕಾದರೆ ಇನ್‌ಚಾರ್ಜ್ ಸಾಕು ಎನ್ನುತ್ತಾರೆ. ನಮ್ಮ ತಾಲ್ಲೂಕು ಕಚೇರಿಗಳ ಮೇಲೆ ಸರ್ಕಾರಕ್ಕೆ ಅಂಥ ಮುನಿಸು ಯಾಕೋ.

ಈಗ ಹಣಕ್ಕೆ ಬರೋಣ. ಕರೆಂಟ್ ಬಿಲ್ಲಿನಲ್ಲಿ ಮೊದಲು ಕಾಣುವುದು ಫಿಕ್ಸೆಡ್ ಚಾರ್ಜ್, ಕನ್ನಡದಲ್ಲಿ ನಿಗದಿತ ಶುಲ್ಕ. ಮನೆಗೆ ಬೀಗ ಹಾಕಿ ಒಂದು ತಿಂಗಳು ಕಾಶಿಗೆ ಹೋಗಿ ಬಂದರೂ ಇದು ಬಿಡುವುದಿಲ್ಲ. ಇದನ್ನು ಲೆಕ್ಕ ಹಾಕುವುದು ಮನೆಗೆ ಮಂಜೂರಾದ ಲೋಡಿನ ಮೇಲೆ, ಕಿಲೋವ್ಯಾಟಿಗೆ ಇಷ್ಟು ಎಂದು. ನೋಡಿ, ಚಾರ್ಜು ಮತ್ತೆ ತನ್ನ ಹುಟ್ಟೂರಾದ ಹೇರಿಗೆ ಬಂದು ನಿಂತಿತು! ಇದರ ಹಿಂದೆ ತರ್ಕವಿಲ್ಲ ಎನ್ನಲಾರೆ. ನೀವು ಸ್ವಿಚ್ ಒತ್ತಲಿ ಬಿಡಲಿ, ನಿಮಗಾಗಿ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ನಿಂತಿರುತ್ತದೆ, ಲೈನ್‌ಮನ್ ಇರುತ್ತಾರೆ. ಅದು ಒಂದು ರೀತಿಯಲ್ಲಿ ಬಾಡಿಗೆ. ಬಾಡಿಗೆ ಎಂದೇ ಬರೆದಿದ್ದರೆ ಯಾರೂ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಮನೆಗೆ ಬೇಕಾದ್ದಕ್ಕಿಂತ ಹೆಚ್ಚು ಲೋಡ್ ಮಂಜೂರಾಗಿದ್ದರೆ ಅರ್ಜಿ ಕೊಟ್ಟು ಇಳಿಸಿಕೊಳ್ಳಬಹುದು ಎಂಬುದೂ ಆಗ ಹೊಳೆಯುತ್ತಿತ್ತು.

ಅದರ ಕೆಳಗಿನ ಸಾಲುಗಳು ಇನ್ನೂ ಗಮ್ಮತ್ತಿನವು. ಬಳಸಿದ ಯೂನಿಟ್ಟಿನ ಶುಲ್ಕ, ಅದು ಬೆಲೆ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ, ಅದು ಹಳೆ ಬಾಕಿಯ ಏರಿಳಿತ. ವಿದ್ಯುತ್ ತೆರಿಗೆ, ಅದು ಹೆಸರೇ ಹೇಳುವಂತೆ ತೆರಿಗೆ. 2025ರ ಏಪ್ರಿಲ್‌ನಿಂದ ಇನ್ನೊಂದು ಸಾಲು ಸೇರಿತು: ವಿದ್ಯುತ್ ಇಲಾಖೆಯ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ ಯೂನಿಟ್ಟಿಗೆ 36 ಪೈಸೆ ಸರ್‌ಚಾರ್ಜ್. ಪಿಂಚಣಿ ಕೊಡಬಾರದು ಎನ್ನುವಷ್ಟು ಕಟುಕ ನಾನಲ್ಲ. ಆದರೆ ಇದು ನಾನು ಬಳಸಿದ ವಿದ್ಯುತ್ತಿನ ಬೆಲೆಯೇ, ಹೊಸ ತೆರಿಗೆಯೇ, ಹಳೆಯ ಸಾಲದ ಕಂತೇ? ಸರ್‌ಚಾರ್ಜ್ ಎಂದರೆ ಹೊರೆಯ ಮೇಲಿನ ಹೊರೆ. ಹೆಸರಂತೂ ಪ್ರಾಮಾಣಿಕವಾಗಿದೆ. 2023ರ ಆಗಸ್ಟಿನಿಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಸೊನ್ನೆ ಬಿಲ್ ಪಡೆಯುತ್ತಿರುವವರು ಈ ಸಾಲುಗಳನ್ನು ಓದುವುದನ್ನೇ ಬಿಟ್ಟಿದ್ದಾರೆ. ತಮ್ಮ ಹಳೆಯ ಸರಾಸರಿಯ ಮೇಲಿನ ರಿಯಾಯಿತಿ ಮಿತಿ ದಾಟಿ ಉರಿಸಿದ ತಿಂಗಳು ಓದುತ್ತಾರೆ. 200 ಯೂನಿಟ್ ದಾಟಿ ಪೂರಾ ಬಿಲ್ ಬಂದ ತಿಂಗಳು ಮನೆಮಂದಿಯೆಲ್ಲ ಸುತ್ತ ಕೂತು ಓದುತ್ತಾರೆ.

ತೆರಿಗೆ ಯಾವುದು, ಶುಲ್ಕ ಯಾವುದು ಎಂದು ಕೇಳುವುದು ಹಟಮಾರಿತನವಲ್ಲ. ಸುಪ್ರೀಂ ಕೋರ್ಟ್ 1954ರಲ್ಲೇ ಕೂತು ವಿಚಾರ ಮಾಡಿದ ಪ್ರಶ್ನೆ ಅದು, ಅದೂ ನಮ್ಮ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ. ಉಡುಪಿ ಆಗ ಮದ್ರಾಸ್ ರಾಜ್ಯದಲ್ಲಿತ್ತು. ಅಲ್ಲಿನ ಸರ್ಕಾರ 1951ರ ಧಾರ್ಮಿಕ ದತ್ತಿ ಕಾಯ್ದೆಯಲ್ಲಿ ಮಠ, ದೇವಸ್ಥಾನಗಳು ಆದಾಯದ ಒಂದು ಪಾಲನ್ನು ತನಗೆ ಕಟ್ಟಬೇಕು ಎಂದಿತ್ತು. ಕೋರ್ಟ್ ಕೇಳಿದ್ದು ಸರಳ ಪ್ರಶ್ನೆ. ಈ ಹಣಕ್ಕೆ ಪ್ರತಿಯಾಗಿ ಕಟ್ಟಿದವರಿಗೆ ನಿರ್ದಿಷ್ಟ ಸೇವೆ ಸಿಗುತ್ತದೆಯೇ? ಸಿಗುವುದಾದರೆ ಶುಲ್ಕ. ಬೊಕ್ಕಸದ ದೊಡ್ಡ ಗುಡಾಣಕ್ಕೆ ಸುರಿದು ಸರ್ಕಾರ ಬೇಕಾದ್ದಕ್ಕೆ ಬಳಸುವುದಾದರೆ ಅದು ತೆರಿಗೆ. ತೆರಿಗೆ ಹಾಕುವ ಅಧಿಕಾರ ಸಂವಿಧಾನ ಕೊಟ್ಟವರಿಗೆ ಮಾತ್ರ ಉಂಟು. ಹೀಗೆಂದು ಕೋರ್ಟ್ ಆ ವಸೂಲಿಯನ್ನು ಹೊಡೆದುಹಾಕಿತು. ಮುಂದಿನ ತೀರ್ಪುಗಳು ಈ ಗೆರೆಯನ್ನು ಒಂದಿಷ್ಟು ಸಡಿಲ ಮಾಡಿವೆ, ಆದರೆ ಅಳಿಸಿಲ್ಲ. ಚಾರ್ಜ್ ಎಂಬ ಪದ ಮಾಡುತ್ತಿರುವುದು ಆ ಗೆರೆಯನ್ನು ಅಳಿಸುವ ಕೆಲಸವನ್ನೇ. ಸರ್‌ಚಾರ್ಜಿನ ಮಹಿಮೆ ದೆಹಲಿಗೂ ಗೊತ್ತು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲಿದೆ, ಸೆಸ್ ಮತ್ತು ಸರ್‌ಚಾರ್ಜಿನಲ್ಲಿ ಪಾಲಿಲ್ಲ. ಹೆಸರು ಬದಲಾದರೆ ಬೆಂಗಳೂರಿಗೆ ಬರುವ ದುಡ್ಡೇ ಬದಲಾಗುತ್ತದೆ. ಪದದಲ್ಲೇನಿದೆ ಎನ್ನುವವರಿಗೆ ಈ ಲೆಕ್ಕ ತೋರಿಸಿ.

ಖಾಸಗಿಯವರು ಈ ವಿದ್ಯೆಯಲ್ಲಿ ಸರ್ಕಾರಕ್ಕೇ ಗುರುಗಳು. ದೊಡ್ಡ ಹೋಟೆಲುಗಳ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಎಂಬ ಸಾಲು ಜಿಎಸ್‌ಟಿಯ ಪಕ್ಕದಲ್ಲಿ ಸಭ್ಯಸ್ಥನಂತೆ ಕೂತಿರುತ್ತದೆ. ಎಷ್ಟೋ ಜನ ಅದನ್ನೂ ಸರ್ಕಾರದ ತೆರಿಗೆ ಎಂದೇ ತಿಳಿದು ಕಟ್ಟುತ್ತಾರೆ. ಅದು ಟಿಪ್ಸು, ಬಣ್ಣ ಬಳಿದುಕೊಂಡು ಬಂದದ್ದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು, ಇದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲು ಮಾಡಬಾರದು, ಕೊಡುವುದು ಬಿಡುವುದು ಗಿರಾಕಿಯ ಇಷ್ಟ ಎಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಮಾಲೀಕರ ಸಂಘಗಳು ಕೋರ್ಟಿಗೆ ಹೋದವು, ಅದೇ ತಿಂಗಳು ತಡೆ ತಂದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿದು ಸಂಘಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಬೆಂಗಳೂರಿನ ದರ್ಶಿನಿಗಳಿಗೆ ಈ ರಗಳೆಯೇ ಇಲ್ಲ. ಅಲ್ಲಿ ಸರ್ವಿಸೂ ನಮ್ಮದೇ, ಚಾರ್ಜೂ ಇಲ್ಲ. ಕಟ್ಟಿಸಿಕೊಂಡು ಹೊರಟರೆ ಮಾತ್ರ ಪಾರ್ಸೆಲ್ ಚಾರ್ಜ್.

ಮನೆಗೆ ಊಟ ತರಿಸುವ ಆ್ಯಪುಗಳ ಬಿಲ್ ನೋಡಿದರೆ ದರ್ಶಿನಿಯ ಪಾರ್ಸೆಲ್ ಚಾರ್ಜಿಗೆ ಕೈಮುಗಿಯಬೇಕು ಎನಿಸುತ್ತದೆ. ಡೆಲಿವರಿಗೆ ಚಾರ್ಜು, ಪ್ಯಾಕಿಂಗಿಗೆ ಚಾರ್ಜು, ಆ್ಯಪಿನಲ್ಲಿ ಕಾಲಿಟ್ಟದ್ದಕ್ಕೆ ಪ್ಲಾಟ್‌ಫಾರಂ ಫೀ, ಮಳೆ ಬಂದರೆ ಮಳೆಗೊಂದು. ವರುಣ ಫ್ರೀಯಾಗಿ ಸುರಿದದ್ದಕ್ಕೆ ನಮ್ಮಿಂದ ವಸೂಲಿ. ಒಡವೆ ಅಂಗಡಿಯಲ್ಲಿ ಹಳಬರು ಮಜೂರಿ ಎನ್ನುತ್ತಿದ್ದದ್ದು ಮೇಕಿಂಗ್ ಚಾರ್ಜ್ ಆಗಿದೆ, ವೇಸ್ಟೇಜ್ ಅದಕ್ಕೆ ಬಾಲಂಗೋಚಿ. ಮಜೂರಿ ಎಂದಾಗ ಕೆಲಸ ಮಾಡಿದ ಅಕ್ಕಸಾಲಿಗನ ಕೈ ನೆನಪಾಗುತ್ತಿತ್ತು, ಚೌಕಾಸಿಗೂ ಒಂದು ನೆಲೆಯಿತ್ತು. ಮೇಕಿಂಗ್ ಚಾರ್ಜು ಶೇಕಡಾವಾರು ಬರುತ್ತದೆ. ಚಿನ್ನದ ಬೆಲೆ ಏರಿದಾಗ ಅದೂ ಏರುತ್ತದೆ, ಕೆತ್ತಿದ ಕೈಗೆ ಒಂದು ಗೆರೆ ಕೆಲಸ ಹೆಚ್ಚಾಗದಿದ್ದರೂ.

ಬ್ಯಾಂಕುಗಳ ಮಿನಿಮಮ್ ಬ್ಯಾಲೆನ್ಸ್ ಚಾರ್ಜಿನಷ್ಟು ನಿರ್ದಯವಾದದ್ದನ್ನು ನಾನು ಕಂಡಿಲ್ಲ. ಖಾತೆಯಲ್ಲಿ ದುಡ್ಡಿಲ್ಲ ಎಂಬ ತಪ್ಪಿಗೆ ದುಡ್ಡು ಕೀಳುವುದು. ಅದು ಶುಲ್ಕವಲ್ಲ, ದಂಡ. ಬಡತನಕ್ಕೆ ಹಾಕಿದ ದಂಡ. ಸ್ಟೇಟ್ ಬ್ಯಾಂಕ್ 2020ರಲ್ಲಿ ಉಳಿತಾಯ ಖಾತೆಗಳಿಗೆ ಇದನ್ನು ಕೈಬಿಟ್ಟಿತು. ಮಂಗಳೂರಿನಲ್ಲಿ 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕಟ್ಟಿದ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಎಲ್ಲ ಉಳಿತಾಯ ಖಾತೆಗಳಿಗೂ ಬಿಟ್ಟಿತು. ಉಳಿದವರೂ ದಂಡ ಎಂದೇ ಬರೆದು ನೋಡಲಿ, ಎಷ್ಟು ದಿನ ವಸೂಲು ಮಾಡಲು ಮುಖವಿರುತ್ತದೆ ನೋಡೋಣ.

ರೀಚಾರ್ಜ್ ಬಗ್ಗೆ ಎರಡು ಮಾತು. ಮೊಬೈಲಿನ ರೀಚಾರ್ಜ್ ತಿಂಗಳದ್ದು ಎಂದು ನಾವು ಅಂದುಕೊಳ್ಳುತ್ತೇವೆ, ಅದು 28 ದಿನದ್ದು. 28ನ್ನು 13ರಿಂದ ಗುಣಿಸಿದರೆ 364. ಅಂದರೆ ಕಂಪನಿಗಳ ಪಂಚಾಂಗದಲ್ಲಿ ವರ್ಷಕ್ಕೆ 13 ತಿಂಗಳು, ಅಧಿಕಮಾಸ ಪ್ರತಿ ವರ್ಷವೂ ಬರುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2022ರ ಜನವರಿಯಲ್ಲಿ, 30 ದಿನದ ಒಂದು ಪ್ಲಾನು ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಒಂದು ಪ್ಲಾನು ಕೊಡಲೇಬೇಕು ಎಂದು ಆದೇಶಿಸಿತು. ಇಂಟರ್‌ನೆಟ್ ಬೇಡದವರಿಗೆ ಕರೆ ಮತ್ತು ಎಸ್ಸೆಮ್ಮೆಸ್ಸಿಗಷ್ಟೇ ಪ್ರತ್ಯೇಕ ಪ್ಲಾನು ಇಡಬೇಕು ಎಂದು 2024ರ ಡಿಸೆಂಬರಿನಲ್ಲಿ ಹೇಳಿತು. ಅಂಗಡಿಯವರು ತಾವಾಗಿ ಇವನ್ನು ತೋರಿಸುವುದಿಲ್ಲ. ಊರಲ್ಲಿ ಬಟನ್ ಫೋನ್ ಹಿಡಿದಿರುವ ಅಪ್ಪ ಅಮ್ಮನಿಗೆ ರೀಚಾರ್ಜ್ ಮಾಡಿಸುವವರು ಕೇಳಿ ಮಾಡಿಸಿ.

ಇನ್ನೊಂದು ರೀಚಾರ್ಜ್ ನೆಲಕ್ಕೆ. ಇದಕ್ಕೆ ಇಲಾಖೆಗಳು ಮರುಪೂರಣ ಎನ್ನುತ್ತವೆ, ರೈತರು ನೀರು ಇಂಗಿಸೋದು ಎನ್ನುತ್ತಾರೆ. 2018ರಿಂದ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿದು ಅಲ್ಲಿನ ನೆಲಕ್ಕೆ ಇಂಗುತ್ತಿದೆ. ನೀರಿನ ಗುಣಮಟ್ಟದ ಜಗಳ ಬೇರೆ, ಅದನ್ನು ಇನ್ನೊಂದು ವಾರ ಆಡೋಣ. ಇಷ್ಟೂ ಚಾರ್ಜುಗಳ ನಡುವೆ, ಹೊರೆ ಹೊತ್ತ ಮೇಲೆ ಹೊತ್ತವರಿಗೇ ಲಾಭವಾಗುವುದು ಇದೊಂದರಲ್ಲಿ.

ಕೊನೆಯದು ಹೊಲದ ಚಾರ್ಜು. ಆಸ್ತಿಯ ಮೇಲೆ ಸಾಲದ ಹಕ್ಕು ಕೂತರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಕಲಮು ಅದಕ್ಕೂ ಚಾರ್ಜ್ ಎನ್ನುತ್ತದೆ. ಉತ್ತರ ಕರ್ನಾಟಕದ ರೈತರನ್ನು ಕೇಳಿ ನೋಡಿ. 'ಪಹಣ್ಯಾಗ ಬೋಜಾ ಏರೇತ್ರಿ, ಸಾಲ ತೀರಿಸೇನಿ, ಇನ್ನಾ ಇಳಿಸಿಲ್ಲ' ಎನ್ನುತ್ತಾರೆ. ಬೋಜಾ ಎಂದರೆ ಹೊರೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಇಸಿಗೆ ಕನ್ನಡದ ಹೆಸರು ಋಣಭಾರ ಪ್ರಮಾಣಪತ್ರ. ಲ್ಯಾಟಿನ್ ಬಂಡಿಯ ಕಥೆ ಓದದ ರೈತ, ಕಾನೂನು ಪಂಡಿತರಿಗಿಂತ ಸರಿಯಾದ ಪದ ಹಿಡಿದಿದ್ದಾನೆ. ಏರಿದ್ದು ಏನು, ಇಳಿಯಬೇಕಾದ್ದು ಏನು ಎಂದು ಅವನಿಗೆ ಸ್ಪಷ್ಟ. ಸಾಲ ತೀರಿಸಿದವರು ಬ್ಯಾಂಕಿನ ಋಣಮುಕ್ತ ಪತ್ರ ಪಡೆದು ಬೋಜಾ ಇಳಿಸಿಕೊಳ್ಳುವವರೆಗೆ ಬೆನ್ನು ಹತ್ತಲೇಬೇಕು. ಇಲ್ಲವಾದರೆ ಮಗಳ ಮದುವೆಗೆಂದು ಮತ್ತೆ ಸಾಲಕ್ಕೆ ಹೋದ ದಿನ ಅದು ಅಡ್ಡ ಬರುತ್ತದೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂದು ಹಿರಿಯರು ಹೇಳಿದ್ದಾರೆ, ಒಪ್ಪೋಣ. ಆದರೆ ಸುಂಕದವನನ್ನು ಲೆಕ್ಕ ಕೇಳಬಾರದು ಎಂದು ಯಾವ ಹಿರಿಯರೂ ಹೇಳಿಲ್ಲ. ಈ ವಾರ ನಿಮ್ಮ ಕೈಗೆ ಬರುವ ಯಾವುದಾದರೂ ಒಂದು ಬಿಲ್ ತೆಗೆದುಕೊಳ್ಳಿ. ಚಾರ್ಜ್ ಎಂದಿರುವ ಪ್ರತಿ ಸಾಲಿನ ಎದುರು ಪೆನ್ಸಿಲ್ಲಿನಲ್ಲಿ ಬೆಲೆ, ಬಾಡಿಗೆ, ಕೂಲಿ, ತೆರಿಗೆ, ದಂಡ, ಇವುಗಳಲ್ಲಿ ಒಂದನ್ನು ಬರೆಯಿರಿ. ಯಾವ ಸಾಲಿಗೆ ಯಾವ ಪದವೂ ಹೊಂದುವುದಿಲ್ಲವೋ ಅದರ ಬಗ್ಗೆ ಕೌಂಟರಿನಲ್ಲಿ ಕೇಳಿ. ಅಲ್ಲಿ ಉತ್ತರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕನ್ನಡದಲ್ಲೇ ಮಾತಾಡಬಹುದು, ಆ ಕರೆಗೆ ಚಾರ್ಜ್ ಇಲ್ಲ.